ಸೂಕ್ಷ್ಮದರ್ಶಕವೂ ನಮ್ಮ ಶಾಲೆಗಳೂ

ಬಸವಾಪಟ್ಟಣವು ಚನ್ನಗಿರಿ ತಾಲ್ಲೂಕಿನ ಹಳೆಯ ಊರುಗಳಲ್ಲೊಂದು. ಪಾಳೆಯಗಾರರ ಕಾಲದ ಕೋಟೆಯ ಗುಡ್ಡ, ಸುತ್ತಣ ಸೀಮೆಯ ಅಡಕೆಯ ತೋಟಗಳು, ಬತ್ತದ ಗದ್ದೆಗಳು, ಅದೇ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದೂ ಹೆಸರುಳ್ಳ ಸೂಳೆಕೆರೆ, ಇವು ಆ ಊರಿನ ಮಕ್ಕಳು ಬಲ್ಲ ಪ್ರಪಂಚ. ಆ ಮಕ್ಕಳು ಒಂಬತ್ತನೆಯ ತರಗತಿಗೆ ಬಂದಾಗ ಅವರ ವಿಜ್ಞಾನದ ಪುಸ್ತಕವು ಬರಿಗಣ್ಣಿಗೆ ಕಾಣದ ಮತ್ತೊಂದು ಪ್ರಪಂಚದ ಬಾಗಿಲನ್ನು ತೋರಿಸುತ್ತದೆ. ಈರುಳ್ಳಿಯ ತೆಳುಪೊರೆಯನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಬಣ್ಣವನ್ನೂಡಿ, ಸೂಕ್ಷ್ಮದರ್ಶಕದಲ್ಲಿ ನೋಡಿರಿ ಎಂದು ಅದು ವಿಧಿಸುತ್ತದೆ. ನೋಡಿರಿ ಎಂಬ ವಿಧಿಯು ಪುಸ್ತಕದಲ್ಲಿದೆ. ನೋಡಿದವರೆಷ್ಟು ಮಂದಿ ಎಂಬುದೇ ಈ ದಿನ ನಾವು ವಾಚಕರ ಮುಂದಿಡುವ ಪ್ರಶ್ನೆ. ಯಾವ ಒಂದು ಶಾಲೆಯನ್ನೂ ಬೆರಳು ಮಾಡಿ ತೋರಿಸುವುದು ನಮ್ಮ ಉದ್ದೇಶವಲ್ಲ. ಬಸವಾಪಟ್ಟಣದಂತಹ ನೂರಾರು ಊರುಗಳುಳ್ಳ ನಾಡಿನಲ್ಲಿ ಈ ಪ್ರಶ್ನೆಯನ್ನು ಪ್ರತಿಯೊಂದು ಊರಿನ ಮಹಾಜನರೂ ತಮ್ಮತಮ್ಮಲ್ಲಿಯೇ ಕೇಳಿಕೊಳ್ಳತಕ್ಕದ್ದು.

ನಾವು ವಿದ್ಯಾರ್ಥಿಗಳಾಗಿದ್ದ ಕಾಲದ ಒಂದು ಸಂಗತಿಯನ್ನು ಹೇಳಿದರೆ ತಪ್ಪಾಗಲಾರದು. ನಾವು ಓದಿದ ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕವಿದ್ದಿತು. ಅದು ಮರದ ಪೆಟ್ಟಿಗೆಯೊಳಗೆ, ಬೀರುವಿನ ಬೀಗದ ಹಿಂದೆ ವರ್ಷವೆಲ್ಲ ವಾಸವಾಗಿದ್ದಿತು. ತನಿಖೆಯವರು ಬರುವ ಹಿಂದಿನ ದಿನ ಅದನ್ನು ಹೊರಕ್ಕೆ ತೆಗೆದು ಧೂಳೊರಸಿ ಮೇಜಿನ ಮೇಲಿಟ್ಟರು. ತರಗತಿಯವರೆಲ್ಲರೂ ಸಾಲುಗಟ್ಟಿ ನಿಂತೆವು. ಸರದಿ ಬಂದಾಗ ನಾವೂ ಒಂದು ಕಣ್ಣು ಮುಚ್ಚಿ ಇಣಿಕಿದೆವು. ಕಪ್ಪು ಅಂಚಿನ ದುಂಡನೆಯ ಆಕೃತಿಯೊಂದು ಕಂಡಿತು. "ಕಂಡಿತೇನಯ್ಯಾ?" ಎಂದು ಮೇಷ್ಟರು ಕೇಳಿದರು. "ಕಂಡಿತು, ಸಾರ್" ಎಂದೆವು. ಬಳಿಕ ಬೆಂಚಿಗೆ ಹಿಂದಿರುಗಿ, ಪುಸ್ತಕದಲ್ಲಿದ್ದ ಚಿತ್ರವನ್ನು ನೋಡಿ, ಇಟ್ಟಿಗೆಯ ಗೋಡೆಯಂತೆ ಜೀವಕೋಶಗಳನ್ನು ಬರೆದು, ಪ್ರತಿಯೊಂದರೊಳಗೂ ಒಂದು ಚುಕ್ಕೆಯಿಟ್ಟು, ಪೂರ್ಣಾಂಕಗಳನ್ನು ಪಡೆದೆವು. ನಾವು ಕಂಡಿದ್ದುದು ಈರುಳ್ಳಿಯ ಜೀವಕೋಶವಲ್ಲ, ನೀರಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆ ಎಂಬುದು ನಮಗೆ ತಿಳಿಯಲು ಅನೇಕ ವರ್ಷಗಳು ಹಿಡಿದವು. ಕಾಣದುದನ್ನು ಕಂಡೆವೆಂದು ಹೇಳಿ ಮೆಚ್ಚುಗೆ ಪಡೆಯುವ ಅಭ್ಯಾಸವನ್ನು ನಾವು ವಿಜ್ಞಾನದ ಪಾಠದಲ್ಲಿಯೇ ಕಲಿತೆವೆಂಬುದು ವಿಷಾದದ ಸಂಗತಿ. ಆ ಮೇಷ್ಟರನ್ನು ನಾವು ದೂರುವುದಿಲ್ಲ. ಯಂತ್ರವು ಒಂದು, ಮಕ್ಕಳು ಐವತ್ತು ಮಂದಿ, ಕಾಲವು ಮುಕ್ಕಾಲು ಗಂಟೆ. ಗಾಜು ಒಡೆದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದವರು ಅವರೇ.

ಮೊದಲು ಈ ಯಂತ್ರದಿಂದ ಮಕ್ಕಳು ಕಲಿಯಬೇಕಾದುದೇನೆಂಬುದನ್ನು ವಿಚಾರಿಸೋಣ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಎರಡು ಕಡೆ ಮಸೂರಗಳಿರುತ್ತವೆ: ಕಣ್ಣಿನ ಬಳಿಯಲ್ಲಿ ನೇತ್ರ ಮಸೂರ, ವಸ್ತುವಿನ ಬಳಿಯಲ್ಲಿ ವಸ್ತು ಮಸೂರ. ನೇತ್ರ ಮಸೂರವು 10 ಪಟ್ಟು, ವಸ್ತು ಮಸೂರವು 10 ಪಟ್ಟು ಹಿಗ್ಗಿಸುವುದಾದರೆ ಒಟ್ಟು ವರ್ಧನೆಯು 20 ಅಲ್ಲ, 100. ವಸ್ತು ಮಸೂರವನ್ನು ತಿರುಗಿಸಿ 40 ಪಟ್ಟಿನದನ್ನು ತಂದರೆ ಅದೇ 400 ಆಗುತ್ತದೆ. ಈ ಗುಣಾಕಾರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ 100 ಪಟ್ಟು ಎಂದರೆ ಉದ್ದದಲ್ಲಿ 100 ಪಟ್ಟು, ಅಗಲದಲ್ಲಿಯೂ 100 ಪಟ್ಟು, ಆದುದರಿಂದ ಕಣ್ಣಿಗೆ ತೋರುವ ಹರವು 10,000 ಪಟ್ಟು ಎಂಬುದನ್ನು ಎಷ್ಟು ಮಂದಿ ಯೋಚಿಸಿದ್ದಾರೆ? ವರ್ಧನೆ ಹೆಚ್ಚಿದಂತೆಲ್ಲ ಕಾಣುವ ಎಡೆಯು ಕಿರಿದಾಗುತ್ತದೆ, ಬೆಳಕೂ ಕುಂದುತ್ತದೆ. ತೇರನ್ನು ದೂರದಿಂದ ನೋಡಿದವನಿಗೆ ತೇರೆಲ್ಲವೂ ಕಾಣುತ್ತದೆ. ಗಾಲಿಯ ಬಳಿ ನಿಂತವನಿಗೆ ಗಾಲಿಯ ಅಚ್ಚುಕಟ್ಟು ಚೆನ್ನಾಗಿ ಕಂಡರೂ ಕಳಸವು ಕಾಣದು. ಆದುದರಿಂದ ಕಡಮೆ ವರ್ಧನೆಯಲ್ಲಿ ಮೊದಲು ಹುಡುಕಿ, ಬೇಕಾದುದನ್ನು ನಡುವಿಗೆ ತಂದುಕೊಂಡು, ಅನಂತರವೇ ಹೆಚ್ಚಿನದಕ್ಕೆ ಹೋಗತಕ್ಕದ್ದು. ಇದು ಕೈಯಿಂದ ಮಾಡಿದವನಿಗೆ ಒಂದೇ ದಿನದಲ್ಲಿ ತಿಳಿಯುವ ಸಂಗತಿ. ಓದಿದವನು ಪರೀಕ್ಷೆಯ ಮರುದಿನವೇ ಮರೆಯುವ ಸಂಗತಿ.

ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಾಗಿಲ್ಲ. ಯಾವುದಾದರೊಂದು ವೃತ್ತಪತ್ರಿಕೆಯಿಂದ 'ಅ' ಎಂಬ ಒಂದು ಸಣ್ಣ ಅಕ್ಷರವನ್ನು ಕತ್ತರಿಸಿ ಗಾಜಿನ ಪಟ್ಟಿಯ ಮೇಲಿಟ್ಟರೆ ಸಾಕು. ಅಕ್ಷರವು ತಲೆಕೆಳಗಾಗಿ, ಎಡಬಲ ಬದಲಾಗಿ ಕಾಣುತ್ತದೆ. ಪಟ್ಟಿಯನ್ನು ಬಲಕ್ಕೆ ಸರಿಸಿದರೆ ಬಿಂಬವು ಎಡಕ್ಕೆ ಓಡುತ್ತದೆ. ನುಣುಪಾದ ಮಸಿಯ ಗೆರೆಯೆಂದು ನಾವು ತಿಳಿದಿರುವುದು ಕಾಗದದ ನಾರುಗಳ ನಡುವೆ ಹರಡಿದ ಒರಟು ಅಂಚಿನ ಕಲೆಯಾಗಿ ತೋರುತ್ತದೆ. ಅಕ್ಷರವನ್ನು ತೆಗೆದು ಅಲ್ಲಿ ಪಾರದರ್ಶಕವಾದ ಅಳತೆಪಟ್ಟಿಯೊಂದನ್ನಿಟ್ಟು ನೋಡಿದರೆ, ಕಾಣುವ ವೃತ್ತದ ಅಗಲವೆಷ್ಟೆಂಬುದು ತಿಳಿಯುತ್ತದೆ. ಆ ಅಗಲವು 1.8 ಮಿಲಿಮೀಟರು ಇದ್ದು, ಅದರಲ್ಲಿ ಈರುಳ್ಳಿಯ ಪೊರೆಯ ಐದು ಕೋಶಗಳು ಉದ್ದಕ್ಕೆ ಸಾಲಾಗಿ ಹಿಡಿಸಿದರೆ, ಒಂದು ಕೋಶದ ಉದ್ದವು 0.36 ಮಿಲಿಮೀಟರು. ಪುಸ್ತಕದ ಚಿತ್ರದಲ್ಲಿ ಹೆಬ್ಬೆರಳಿನಷ್ಟಿರುವ ಕೋಶದ ನಿಜವಾದ ಅಳತೆಯನ್ನು ಹೀಗೆ ತಾನೇ ಕಂಡುಹಿಡಿದ ಹುಡುಗಿಯು, ಮುಂದೆ ಯಾವ ಚಿತ್ರವನ್ನು ಕಂಡರೂ "ಇದು ನಿಜವಾಗಿ ಎಷ್ಟು ದೊಡ್ಡದು?" ಎಂದು ಕೇಳದೆ ಬಿಡಳು. ಚಿತ್ರದ ಕೆಳಗೆ ವರ್ಧನೆಯನ್ನು ಬರೆಯದಿದ್ದರೆ ಆ ಚಿತ್ರವು ಮಾನದಂಡವನ್ನು ಬರೆಯದ ಭೂಪಟದಂತೆ ಎಂಬುದು ಅವಳಿಗೆ ಯಾರೂ ಹೇಳದೆಯೇ ಮನದಟ್ಟಾಗುತ್ತದೆ.

ಇನ್ನೊಂದು ಅಂಶವನ್ನು ಉಪಾಧ್ಯಾಯರು ಮರೆಯಲಾಗದು. ಹಿಗ್ಗಿಸುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ. ಇರುಳಿನಲ್ಲಿ ಬಸವಾಪಟ್ಟಣದ ಗುಡ್ಡದ ಮೇಲೆ ನಿಂತು ನೋಡುವವನಿಗೆ, ಬಹುದೂರದಲ್ಲಿ ಬರುತ್ತಿರುವ ಮೋಟಾರಿನ ಎರಡು ದೀಪಗಳು ಒಂದೇ ದೀಪದಂತೆ ತೋರುತ್ತವೆ. ಹತ್ತಿರ ಬಂದಮೇಲೆ ಎರಡೆಂದು ತಿಳಿಯುತ್ತದೆ. ಹಾಗೆಯೇ ಬೆಳಕಿನಿಂದ ನೋಡುವ ಸೂಕ್ಷ್ಮದರ್ಶಕವು ಎಷ್ಟೇ ಉತ್ತಮವಾದುದಾದರೂ, ಸಾಮಾನ್ಯವಾಗಿ ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬಿಡಿಸಿ ತೋರಿಸಲಾರದು. ಅದು ಯಂತ್ರದ ದೋಷವಲ್ಲ, ಬೆಳಕಿನ ಅಲೆಯ ಅಳತೆಯಿಂದ ಒದಗುವ ಮಿತಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರು ಜ್ವರದಿಂದ ನರಳಿದಾಗ, ಆ ಕಾಯಿಲೆಗೆ ಕಾರಣವಾದ ವೈರಸ್ಸನ್ನು ಇಂತಹ ಯಂತ್ರದಿಂದ ಕಾಣುವಂತಿರಲಿಲ್ಲ. ಅದರ ಗಾತ್ರವು ಮಿಲಿಮೀಟರಿನ ಸುಮಾರು ಇಪ್ಪತ್ತು ಸಾವಿರದಲ್ಲೊಂದು ಪಾಲು. ಅಂತಹುದನ್ನು ನೋಡಲು ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳನ್ನು ಬಳಸುವ ಯಂತ್ರವೇ ಬೇಕು. ತನ್ನ ಕೈಯಲ್ಲಿರುವ ಸಾಧನದಿಂದ ಯಾವುದು ಕಾಣುತ್ತದೆ, ಯಾವುದು ಕಾಣದು ಎಂಬುದನ್ನು ಅರಿತುಕೊಳ್ಳುವುದೂ ವಿದ್ಯೆಯೇ ಸರಿ.

ಇದೆಲ್ಲವೂ ಪಟ್ಟಣದ ಮಕ್ಕಳಿಗೆ ಒಪ್ಪುವ ಮಾತು, ತೋಟ ಗದ್ದೆಗಳನ್ನು ನೋಡಿಕೊಳ್ಳಬೇಕಾದ ಮಕ್ಕಳಿಗೆ ಇದರಿಂದ ಬರುವ ಲಾಭವೇನು ಎಂದು ಕೆಲವರು ಕೇಳಬಹುದು. ಅಡಕೆಯ ಸೀಮೆಯವರು ಕೇಳತಕ್ಕ ಪ್ರಶ್ನೆಯಲ್ಲ ಇದು. ಮಲೆನಾಡಿನ ತೋಟಗಳಲ್ಲಿ ಮಳೆಗಾಲದ ಕೊಳೆರೋಗದಿಂದ ಎಳೆಯ ಕಾಯಿಗಳು ಕೊಳೆತು ಉದುರಿ ಸಂಸಾರಗಳು ಸಾಲಕ್ಕೆ ಬೀಳುತ್ತಿದ್ದ ಕಾಲವೊಂದಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೇ ಆಗ ಬೆಳೆಗಾರರಿಗೆ ತಿಳಿದಿದ್ದ ಉಪಾಯ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ನರು ಈ ರೋಗವನ್ನು ಕೂಲಂಕಷವಾಗಿ ಪರಿಶೀಲಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕೊಳೆತ ಕಾಯಿಯ ಮೇಲಿನ ಬಿಳಿಯ ಬೂಷ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅಲ್ಲಿ ಕಂಡುದು ಫೈಟಾಫ್ತರವೆಂಬ ಸೂಕ್ಷ್ಮಜೀವಿ. ಅದರ ಪುಟ್ಟ ಚೀಲಗಳು ನೀರಿನಲ್ಲಿ ಒಡೆದು, ಈಜಬಲ್ಲ ಬೀಜಾಣುಗಳನ್ನು ಹೊರಕ್ಕೆ ಬಿಡುತ್ತವೆ. ಹನಿಯಿಂದ ಹನಿಗೆ, ಕಾಯಿಯಿಂದ ಕಾಯಿಗೆ ಅವು ಹರಡುತ್ತವೆ. ಮಳೆ ಬಿಡದೆ ಹಿಡಿದ ವರ್ಷ ರೋಗವೇಕೆ ಉಲ್ಬಣಿಸುತ್ತದೆ, ಕೊಟ್ಟೆ ಕಟ್ಟಿದ ಗೊನೆಯೇಕೆ ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಅಲ್ಲಿ ಒಂದೇ ಉತ್ತರ ದೊರೆಯಿತು.

ಕಾರಣವು ತಿಳಿದಮೇಲೆ ಉಪಾಯವೂ ಗೊತ್ತಾಯಿತು. ಫ್ರಾನ್ಸಿನ ದ್ರಾಕ್ಷಿಯ ತೋಟಗಳಲ್ಲಿ 1885ರ ಸುಮಾರಿನಿಂದ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು, ಮಳೆ ಹಿಡಿಯುವುದಕ್ಕೆ ಮೊದಲೇ ಗೊನೆಗಳ ಮೇಲೆ ಸಿಂಪಡಿಸುವ ಕ್ರಮವನ್ನು ಕೋಲ್‌ಮನ್ನರು ನಮ್ಮ ಬೆಳೆಗಾರರಿಗೆ ತೋರಿಸಿಕೊಟ್ಟರು. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು ಎಂಬ ಅಳತೆಯನ್ನು ಈಗ ಅಡಕೆಯ ಬೆಳೆಗಾರರು ಲೀಲಾಜಾಲವಾಗಿ ಹೇಳುತ್ತಾರೆ. ಆದರೆ ಆ ಔಷಧಿಯನ್ನು ಮೊದಲ ಮಳೆಗೆ ಮುಂಚೆಯೇ ಏಕೆ ಹೊಡೆಯಬೇಕು, ಕಾಯಿಯ ಮೈಯೆಲ್ಲ ಏಕೆ ನೆನೆಯಬೇಕು, ನಲವತ್ತು ನಲವತ್ತೈದು ದಿನಗಳಾದ ಮೇಲೆ ಮತ್ತೊಮ್ಮೆ ಏಕೆ ಹೊಡೆಯಬೇಕು ಎಂಬುದನ್ನು ಅವರ ಮಕ್ಕಳು ಶಾಲೆಯಲ್ಲಿ ಕಣ್ಣಾರೆ ಕಂಡು ತಿಳಿಯಬಹುದಲ್ಲವೆ? ರೋಗ ತಗಲಿದ ಒಂದು ಕಾಯಿ, ಒಂದು ತೊಟ್ಟು ನೀರು, ಒಂದು ಸೂಕ್ಷ್ಮದರ್ಶಕ ಇಷ್ಟಿದ್ದರೆ ಪುಸ್ತಕದ ಪಾಠವೂ ತೋಟದ ಪಾಠವೂ ಒಂದಾಗುತ್ತವೆ. ಬತ್ತದ ಬೆಂಕಿರೋಗವನ್ನು ಹರಡುವ ಬೀಜಾಣುಗಳೂ ಹಾಗೆಯೇ ನೋಡಲು ಸಿಕ್ಕುವಂತಹವು. ಕಾರಣವನ್ನು ಕಂಡವನು ಅಂಗಡಿಯವನು ಕೊಟ್ಟ ಡಬ್ಬಿಯ ಔಷಧಿಯನ್ನೆಲ್ಲ ಕಣ್ಣುಮುಚ್ಚಿ ಹೊಡೆಯುವುದಿಲ್ಲ. ಯಾವ ರೋಗಕ್ಕೆ, ಏಕೆ ಎಂದು ವಿಚಾರಿಸುತ್ತಾನೆ. ರೈತನ ಹಣವೂ ಮಣ್ಣೂ ಉಳಿಯುವ ದಾರಿ ಅದು.

ಯಂತ್ರವು ಹಳೆಯದಾಗಿದೆ, ಗಾಜಿಗೆ ಬೂಷ್ಟು ಹಿಡಿದಿದೆ, ಕನ್ನಡಿ ಮಂಕಾಗಿದೆ ಎಂಬ ಸಮಾಧಾನವನ್ನು ನಾವು ಬಹಳ ಸಲ ಕೇಳಿದ್ದೇವೆ. 1895ರಲ್ಲಿ ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ್ದ ರೊನಾಲ್ಡ್ ರಾಸರು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡುಹಿಡಿದರು. ಆಗ ಅವರ ಸೂಕ್ಷ್ಮದರ್ಶಕದ ತಿರುಪುಗಳು ಬೆವರಿನಿಂದ ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ನೇತ್ರ ಮಸೂರವೂ ಬಿರುಕು ಬಿಟ್ಟಿದ್ದಿತು ಎಂದು ಅವರೇ ಬರೆದಿಟ್ಟಿದ್ದಾರೆ. ಸೊಳ್ಳೆಯ ನೆರವಿನಿಂದ ಮಲೇರಿಯಾ ಹರಡುತ್ತದೆಂಬ ಸತ್ಯವು ಆ ಬಿರುಕು ಬಿಟ್ಟ ಗಾಜಿನ ಮೂಲಕವೇ ಹೊರಬಿದ್ದಿತು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಮಕ್ಕಳಿಗೆ ಕೆಟ್ಟ ಯಂತ್ರವನ್ನೇ ಕೊಡಬೇಕೆಂದು ನಮ್ಮ ಮಾತಿನ ತಾತ್ಪರ್ಯವಲ್ಲ. ಬಳಸಿ ಸವೆದ ಯಂತ್ರವು ಬೀರುವಿನಲ್ಲಿ ಹೊಳೆಯುವ ಯಂತ್ರಕ್ಕಿಂತ ಮೇಲೆಂಬುದನ್ನು ಒಪ್ಪಿಕೊಂಡರೆ ಸಾಕು.

ಹಣವಿಲ್ಲವೆಂಬ ಮಾತಿಗೂ ಈಗ ಹಿಂದಿನಷ್ಟು ಬಲವಿಲ್ಲ. ಶಾಲೆಗಳಿಗೆ ಬೇಕಾದ ಸೂಕ್ಷ್ಮದರ್ಶಕಗಳನ್ನು ಪರದೇಶದಿಂದ ತರಿಸಬೇಕಾಗಿಲ್ಲ; ಹರಿಯಾಣದ ಅಂಬಾಲಾ ಪಟ್ಟಣವು ವಿಜ್ಞಾನದ ಉಪಕರಣಗಳ ತಯಾರಿಕೆಗೆ ಹೆಸರಾಗಿದೆ. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯು ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ತಾನೇ ಮಾಡಿಕೊಂಡ ಒಂದೇ ಒಂದು ಸಣ್ಣ ಮಸೂರದಿಂದ ಕೆರೆಯ ನೀರಿನಲ್ಲಿ ಚಲಿಸುವ ಜೀವಿಗಳನ್ನು ಕಂಡು ಲೋಕಕ್ಕೆ ತಿಳಿಸಿದನು. ಅದೇ ತತ್ತ್ವವನ್ನು ಹಿಡಿದು, ನಮ್ಮ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿರುವ ಮನು ಪ್ರಕಾಶರು ತಮ್ಮ ಸಂಗಡಿಗರೊಂದಿಗೆ ಕಾಗದವನ್ನು ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕವನ್ನು ರೂಪಿಸಿ 2014ರಲ್ಲಿ ಪ್ರಕಟಪಡಿಸಿದರು. ಅದು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಈರುಳ್ಳಿಯ ಪೊರೆಗೂ ಸೂಳೆಕೆರೆಯ ಒಂದು ಹನಿ ನೀರಿಗೂ ಅಷ್ಟು ಧಾರಾಳವಾಗಿ ಸಾಕು.

ಗೋಡೆಯ ಪರದೆಯ ಮೇಲೆ ಜೀವಕೋಶದ ಚಲಚ್ಚಿತ್ರವನ್ನು ತೋರಿಸಿದರೆ ಸಾಲದೆ ಎಂದು ಕೇಳುವವರೂ ಉಂಟು. ಪರದೆಯು ನೆರವಾಗಬಲ್ಲುದು, ನಾವು ಅದನ್ನು ಬೇಡವೆನ್ನುವುದಿಲ್ಲ. ಆದರೆ ಪರದೆಯ ಮೇಲೆ ಕಾಣುವುದು ಬೇರೊಬ್ಬರು ಕಂಡು, ಆರಿಸಿ, ಹೆಸರು ಬರೆದು ಇಟ್ಟದ್ದು. ಅಲ್ಲಿ ತಪ್ಪುವುದಕ್ಕೆ ಅವಕಾಶವೇ ಇಲ್ಲ. ಯಂತ್ರದ ಮುಂದೆ ಕುಳಿತ ಮಗುವಾದರೋ ಗಾಳಿಯ ಗುಳ್ಳೆಯನ್ನು ಕೋಶವೆಂದು ಭ್ರಮಿಸುತ್ತದೆ, ತನ್ನ ರೆಪ್ಪೆಯ ಕೂದಲನ್ನೇ ಹುಳುವೆಂದು ಬೆದರುತ್ತದೆ, ತಿರುಪನ್ನು ತಿರುಗಿಸಿ ತಿರುಗಿಸಿ ಸೋಲುತ್ತದೆ. ಕಡೆಗೆ ಮಬ್ಬು ಹರಿದು ಗೆರೆಗಳು ಮೂಡುತ್ತವೆ. ಭ್ರಮೆ ಯಾವುದು, ವಸ್ತು ಯಾವುದು ಎಂದು ತಾನೇ ಬೇರ್ಪಡಿಸಿಕೊಂಡ ಆ ಗಳಿಗೆಯ ಲಾಭವನ್ನು ಯಾವ ಚಿತ್ರವೂ ಕೊಡಲಾರದು. ಕೇಳಿದ್ದನ್ನೆಲ್ಲ ನಂಬಿ, ನಂಬಿದ್ದನ್ನೆಲ್ಲ ಮತ್ತೊಬ್ಬರಿಗೆ ಕಳುಹಿಸುವುದು ಹೆಚ್ಚಿರುವ ಈ ಕಾಲದಲ್ಲಿ, ಸ್ವರಾಜ್ಯದ ಪ್ರಜೆಗಳಿಗೆ ಈ ವಿವೇಕವು ಇನ್ನಷ್ಟು ಅವಶ್ಯಕ.

ಹೀಗಿರುವಲ್ಲಿ ಮಾಡತಕ್ಕದ್ದೇನು? ಮೊದಲನೆಯದಾಗಿ ಪರೀಕ್ಷೆಯ ಕ್ರಮವನ್ನು ನೋಡಬೇಕು. ಕರ್ನಾಟಕದ ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಶಾಲೆಯಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ಎಂದು ವಿಂಗಡಿಸಿದ್ದಾರೆ. ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆಗೆ ಕಂಡು ಬರೆದವನೂ ಕಾಣದೆ ಬರೆದವನೂ ಸಮಾನರು. ಆಂತರಿಕವಾದ ಆ 20 ಅಂಕಗಳಲ್ಲಿ ಕೆಲವನ್ನಾದರೂ ವಿದ್ಯಾರ್ಥಿಯು ತಾನೇ ಸಿದ್ಧಪಡಿಸಿದ ಗಾಜಿನ ಪಟ್ಟಿಗೂ, ಕಂಡಂತೆಯೇ ಬರೆದು ವರ್ಧನೆಯನ್ನು ನಮೂದಿಸಿದ ಚಿತ್ರಕ್ಕೂ ಮೀಸಲಿಡಬಾರದೇಕೆ? ಪುಸ್ತಕದ ಚಿತ್ರದಷ್ಟು ಅಂದವಾಗಿಲ್ಲದಿದ್ದರೂ ಕಂಡುದನ್ನೇ ಬರೆದ ಚಿತ್ರಕ್ಕೆ ಹೆಚ್ಚು ಅಂಕ ಸಲ್ಲಬೇಕು.

ಎರಡನೆಯದಾಗಿ ಇಲಾಖೆಯವರು ಉಪಾಧ್ಯಾಯರ ಭಯವನ್ನು ಹೋಗಲಾಡಿಸಬೇಕು. ಪಾಠದಲ್ಲಿ ಬಳಸುವಾಗ ಒಡೆದ ಗಾಜಿಗೆ ಉಪಾಧ್ಯಾಯರನ್ನು ಹೊಣೆ ಮಾಡಕೂಡದು. ಒಡೆಯದೆ, ಬಳಸದೆ ಬೀರುವಿನಲ್ಲಿ ಬೂಷ್ಟು ಹಿಡಿದ ಗಾಜಿಗೆ ಮಾತ್ರ ಲೆಕ್ಕ ಕೇಳಬೇಕು. ತನಿಖೆಗೆ ಹೋಗುವ ಅಧಿಕಾರಿಗಳು ಸೂಕ್ಷ್ಮದರ್ಶಕವಿದೆಯೇ ಎಂದು ಕೇಳುವುದನ್ನು ಬಿಟ್ಟು, ಯಾರಾದರೊಬ್ಬ ವಿದ್ಯಾರ್ಥಿನಿಯನ್ನು ಕರೆದು, "ಒಂದು ಎಲೆಯ ಪೊರೆಯನ್ನು ತೆಗೆದು ಪತ್ರರಂಧ್ರವನ್ನು ನನಗೆ ತೋರಿಸು, ತಾಯಿ" ಎಂದರೆ ಶಾಲೆಯ ಸ್ಥಿತಿಯೆಲ್ಲವೂ ಐದು ನಿಮಿಷಗಳಲ್ಲಿ ತಿಳಿದುಬರುತ್ತದೆ. ಹತ್ತಿರದ ನಾಲ್ಕಾರು ಶಾಲೆಗಳವರು ತಮ್ಮ ಯಂತ್ರಗಳನ್ನು ಒಟ್ಟುಗೂಡಿಸಿ, ಒಂದೊಂದು ವಾರ ಒಂದೊಂದು ಶಾಲೆಗೆ ಕಳುಹಿಸಿದರೆ, ಐವತ್ತು ಮಂದಿಗೆ ಒಂದಿದ್ದುದು ಹತ್ತು ಮಂದಿಗೆ ಒಂದಾಗುತ್ತದೆ.

ಮೂರನೆಯದಾಗಿ ಊರಿನವರ ಕರ್ತವ್ಯವೂ ಉಂಟು. ಶಾಲಾಭಿವೃದ್ಧಿ ಸಮಿತಿಗಳು ಸುಣ್ಣಬಣ್ಣಕ್ಕೂ ಕಾಂಪೌಂಡಿಗೂ ತೋರಿಸುವ ಆಸಕ್ತಿಯಲ್ಲಿ ಒಂದಂಶವನ್ನು ಪ್ರಯೋಗದ ಕೊಠಡಿಯ ಮೇಲೆ ಇಡಲಿ. ಅಡಕೆ ಬೆಳೆಗಾರರ ಸಹಕಾರ ಸಂಘಗಳು ತಮ್ಮ ಸದಸ್ಯರ ಮಕ್ಕಳು ಓದುವ ಶಾಲೆಗೆ ಒಂದೊಂದು ಯಂತ್ರವನ್ನು ಕೊಡಿಸಿದರೆ ಅದನ್ನು ದಾನವೆನ್ನಬೇಕಾಗಿಲ್ಲ, ಹಳೆಯ ಋಣವನ್ನು ತೀರಿಸಿದಂತೆ. ಅಡಕೆಯ ಬೆಳೆಯನ್ನು ಉಳಿಸಿದ ವಿದ್ಯೆ ಈ ಯಂತ್ರದ್ದಲ್ಲವೆ?

ಇವೆಲ್ಲವೂ ಕನ್ನಡದಲ್ಲಿ ಸಾಧ್ಯವೆ ಎಂಬ ಸಂಶಯ ಇಂದು ಯಾರಿಗೂ ಬೇಡ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಬದುಕಿನ ಬಹುಭಾಗವನ್ನು ಸೂಕ್ಷ್ಮದರ್ಶಕದ ಮುಂದೆ ಕಳೆದ ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ತಮ್ಮ 'ಹಸುರು ಹೊನ್ನು' ಗ್ರಂಥದಿಂದ ಗಿಡಮರಗಳ ಶಾಸ್ತ್ರವನ್ನು ಕನ್ನಡಿಗರ ಮನೆಮಾತಾಗಿಸಿದರು. ಭಾಷೆಯು ಸಿದ್ಧವಾಗಿದೆ, ಪಾಠವು ಪುಸ್ತಕದಲ್ಲಿದೆ. ಬೀರುವಿನ ಬೀಗವನ್ನು ತೆಗೆಯುವುದೊಂದೇ ಉಳಿದಿರುವ ಕೆಲಸ.

ಮುಂದಿನ ವರ್ಷ ಬಸವಾಪಟ್ಟಣದ ಸೀಮೆಯ ಯಾವುದಾದರೊಂದು ಶಾಲೆಯಲ್ಲಿ ಜೀವಕೋಶದ ಪಾಠವು ಬಂದಾಗ, ಸಾಲಿನಲ್ಲಿ ನಿಂತ ಹುಡುಗಿಯೊಬ್ಬಳು ಸೂಕ್ಷ್ಮದರ್ಶಕದಲ್ಲಿ ಇಣಿಕಿ, "ನನಗೆ ಕಾಣಲಿಲ್ಲ ಮೇಡಂ, ಇನ್ನೊಂದು ಸಲ ನೋಡುತ್ತೇನೆ" ಎಂದು ಧೈರ್ಯವಾಗಿ ಹೇಳುವಂತಾಗಲಿ. ಅವಳು ಇನ್ನೊಂದು ಸಲ ನೋಡುವಷ್ಟು ಹೊತ್ತು ಆ ಯಂತ್ರವು ಮೇಜಿನ ಮೇಲೆಯೇ ಇರಲಿ. ವಿದ್ಯಾ ಇಲಾಖೆಯವರನ್ನೂ, ಉಪಾಧ್ಯಾಯರನ್ನೂ, ಊರಿನ ಮಹಾಜನರನ್ನೂ ನಾವು ಬೇಡುವುದು ಇಷ್ಟೇ.